ಎರಡು ಹೊತ್ತಿನ ಹಾಲು, ನಡುವೆ ಭೀಮನ ಪಾತ್ರ

ಡೈರಿ ಮುಂದೆ ಕ್ಯಾನು ಇಟ್ಟುಕೊಂಡು ಸಾಲಿನಲ್ಲಿ ನಿಂತಿದ್ದೆ. ಹಿಂದೆ ನಿಂತಿದ್ದ ಟೊಮೇಟೊ ಬೆಳೆಯುವ ಹುಡುಗ ಕೇಳಿದ: "ಮಾವ, ನಿಮಗೆ ನಾಟಕ ಆಡೋಕೆ ಟೈಮು ಎಲ್ಲಿ ಸಿಗ್ತದೆ? ನನಗೆ ತಲೆ ಕೆರ್ಕೊಳ್ಳೋಕೂ ಪುರುಸೊತ್ತಿಲ್ಲ."

ಉತ್ತರ ಹೇಳೋಣ ಅಂತ ಬಾಯಿ ತೆರೆದೆ, ಆಮೇಲೆ ಸುಮ್ಮನಾದೆ. ನಿಜವಾದ ಉತ್ತರ ಉದ್ದ ಇದೆ, ಅದರಲ್ಲಿ ನನ್ನ ತಪ್ಪೂ ಇದೆ. ಸಾಲಿನಲ್ಲಿ ನಿಂತು ಹೇಳುವಂಥದ್ದಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಓದಿದ್ದು ಏಳನೇ ಕ್ಲಾಸು. ತಪ್ಪಿದ್ದರೆ ತಿದ್ದಿಕೊಂಡು ಓದಬೇಕು.

ನಮ್ಮೂರು ಬಂಗಾರಪೇಟೆಯಿಂದ ಕೆ.ಜಿ.ಎಫ್. ಕಡೆಗೆ ಹೋಗುವ ದಿಕ್ಕಿನಲ್ಲಿದೆ. ಮನೆಯಲ್ಲಿ ತೆಲುಗು, ಊರಲ್ಲಿ ಕನ್ನಡ, ಕೆ.ಜಿ.ಎಫ್. ಸಂತೆಗೆ ಹೋದರೆ ತಮಿಳು. ಮೂರೂವರೆ ಎಕರೆ ಖುಷ್ಕಿ ಜಮೀನು. ಎರಡು ಎಕರೆ ರಾಗಿ, ನಡುವೆ ಅವರೆ, ತೊಗರಿಯ ಅಕ್ಕಡಿ ಸಾಲು. ಉಳಿದದ್ದರಲ್ಲಿ ಒಂದಿಷ್ಟು ಹುರುಳಿ, ಒಂದಿಷ್ಟು ಕಡಲೆಕಾಯಿ, ಕೃಷಿ ಹೊಂಡದ ಬದಿಯಲ್ಲಿ ಸೀಮೆಹುಲ್ಲು. ಕೊರೆಸಿದ ಬೋರು ಎರಡು, ಎರಡೂ ಈಗ ಬರೀ ಪೈಪು. ಹಾಲು ಕೊಡುವ ಹಸು ಎರಡು. ವಯಸ್ಸು 56.

ವರ್ಷದ ಬಿಡುವು ಚೂರಾದದ್ದು

ಬಿಡುವು ಅಂದರೆ ಪೇಟೆಯವರಿಗೆ ಸಂಜೆ ಆರು ಗಂಟೆ ಆದಮೇಲೆ ಸಿಗುವುದು, ಭಾನುವಾರ ಸಿಗುವುದು. ಖುಷ್ಕಿ ರೈತನಿಗೆ ಹಾಗಿರಲಿಲ್ಲ. ನಮಗೆ ಬಿಡುವು ವರ್ಷಕ್ಕೊಮ್ಮೆ ಇಡೀ ಗಂಟಾಗಿ ಬರುತ್ತಿತ್ತು. ಆರಿದ್ರಾ ಮಳೆಯಿಂದ ಹಿಡಿದು ರಾಗಿ ಕಣ ಮುಗಿಯುವವರೆಗೆ ತಲೆ ಎತ್ತುವ ಹಾಗಿಲ್ಲ. ಸಂಕ್ರಾಂತಿ ಕಳೆದು ಮೆದೆ ಒಕ್ಕಿ ರಾಗಿ ಮನೆ ಸೇರಿತು ಅಂದರೆ, ಮತ್ತೆ ಮುಂಗಾರು ಬೀಳುವ ತನಕ ಹೊಲದಲ್ಲಿ ಮಾಡಲು ಏನಿರುತ್ತಿತ್ತು? ಗೊಬ್ಬರ ಹೊಡೆಯುವುದು, ಬದು ಸರಿ ಮಾಡುವುದು, ಮದುವೆಗೆ ಹೋಗುವುದು. ಆ ಮೂರು ತಿಂಗಳಲ್ಲೇ ನಮ್ಮ ಕಡೆಯ ಕುರುಕ್ಷೇತ್ರ ನಾಟಕಗಳು ಹುಟ್ಟಿದ್ದು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಊರಿನವರೇ ಪಾತ್ರ ಹಾಕುವುದು. ಪಾತ್ರಕ್ಕೆ ನಮಗೆ ಯಾರೂ ದುಡ್ಡು ಕೊಡುವುದಿಲ್ಲ, ನಾವೇ ಕೊಡಬೇಕು. ದುರ್ಯೋಧನ, ಕೃಷ್ಣ, ಭೀಮ, ಕರ್ಣ ಇವಕ್ಕೆ ಹೆಚ್ಚು. ವಿದುರ, ಸಂಜಯ ಇವಕ್ಕೆ ಕಡಿಮೆ. ಆ ದುಡ್ಡಲ್ಲಿ ಹಾರ್ಮೋನಿಯಂ ಮೇಷ್ಟ್ರು, ಸೀನರಿ, ಡ್ರೆಸ್ಸು, ಮೈಕು. ಎರಡು ತಿಂಗಳು ಪ್ರತಿ ರಾತ್ರಿ ಊಟ ಮಾಡಿ ದೇವಸ್ಥಾನದ ಮುಂದೆ ಕೂತರೆ ನಡುರಾತ್ರಿ ಒಂದು ಗಂಟೆ. ಬೆಳಿಗ್ಗೆ ಎಷ್ಟು ಹೊತ್ತಿಗೆ ಎದ್ದರೂ ಕೇಳುವವರಿಲ್ಲ. ನಾನು ಮೊದಲು ಬಣ್ಣ ಹಚ್ಚಿದ್ದು 1991ರಲ್ಲಿ, ಸಂಜಯನ ಪಾತ್ರಕ್ಕೆ. ಭೀಮನಾಗಲು ಆರು ವರ್ಷ ಬೇಕಾಯಿತು, ಗಂಟಲಿಗೂ ಜೇಬಿಗೂ.

1999ರಲ್ಲಿ ಸೀಮೆಹಸು ತಂದೆವು. ತಪ್ಪು ಮಾಡಿದೆ ಅನ್ನುವುದಿಲ್ಲ. ಬೋರಿನ ಸಾಲ ತೀರಿದ್ದು ಹಾಲಿನಿಂದ, ಮಗಳ ಮದುವೆ ಆದದ್ದು ಹಾಲಿನಿಂದ. ಆದರೆ ಹಸುವಿಗೆ ಸಂಕ್ರಾಂತಿ ಗೊತ್ತಿಲ್ಲ, ಯುಗಾದಿ ಗೊತ್ತಿಲ್ಲ. ಬೆಳಿಗ್ಗೆ ಒಂದು ಸಲ, ಸಾಯಂಕಾಲ ಒಂದು ಸಲ, ವರ್ಷಕ್ಕೆ 730 ಸಲ ಕೆಚ್ಚಲ ಕೆಳಗೆ ಕೂರಬೇಕು. ಗಂಟಾಗಿ ಬರುತ್ತಿದ್ದ ಬಿಡುವು ಚೂರು ಚೂರಾಗಿ ಎರಡು ಹೊತ್ತಿನ ನಡುವೆ ಬಿದ್ದಿತು. ಟೊಮೇಟೊ ಹಾಕಿದವರದ್ದು, ರೇಷ್ಮೆ ಹುಳು ಸಾಕುವವರದ್ದೂ ಇದೇ ಕಥೆ. ನಮ್ಮೂರ ನಾಟಕ ನಿಂತದ್ದು ಟಿ.ವಿ.ಯಿಂದ ಅಂತ ಎಲ್ಲರೂ ಹೇಳುತ್ತಾರೆ. ನನ್ನ ಪ್ರಕಾರ ಅರ್ಧ ಟಿ.ವಿ., ಅರ್ಧ ಡೈರಿ ಗಡಿಯಾರ.

ಗಣಿಯ ಸೈರನ್ನು

ನನಗೆ ಹಾರ್ಮೋನಿಯಂ ಮೇಲೆ ಬೆರಳಿಡಲು ಕಲಿಸಿದವರು ಕೆ.ಜಿ.ಎಫ್. ಗಣಿಯಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಅಣ್ಣ. ತಮಿಳಿನವರು, ನನಗಿಂತ ಹದಿನಾಲ್ಕು ವರ್ಷ ದೊಡ್ಡವರು. ಅವರ ಲೈನು ಮನೆ ಚಾಂಪಿಯನ್ ರೀಫ್ ಹತ್ತಿರ. ಆ ಗಣಿ ಮೂರು ಕಿಲೋಮೀಟರಿಗಿಂತ ಆಳ. ಅಲ್ಲಿಗೆ 1902ರಲ್ಲೇ ಶಿವನಸಮುದ್ರದಿಂದ ಕರೆಂಟು ಬಂದಿತ್ತು, ನಮ್ಮೂರಿಗೆ ಬಂದದ್ದು ನಮ್ಮಪ್ಪನಿಗೆ ಮದುವೆಯಾದ ಎಷ್ಟೋ ವರ್ಷದ ಮೇಲೆ. ಕರೆಂಟು ಇದ್ದಲ್ಲಿ ರಾತ್ರಿ ಇಲ್ಲ, ಪಾಳಿ ಇದೆ. ಅಣ್ಣನದ್ದು ಒಂದು ವಾರ ಬೆಳಗಿನ ಪಾಳಿ, ಒಂದು ವಾರ ಮಧ್ಯಾಹ್ನ, ಒಂದು ವಾರ ರಾತ್ರಿ. ಸೈರನ್ನು ಕೂಗಿದರೆ ಒಳಗೆ, ಕೂಗಿದರೆ ಹೊರಗೆ.

ಅಷ್ಟು ಆಳದ ಬಿಸಿಯಲ್ಲಿ, ಬಂಡೆ ಯಾವಾಗ ಸಿಡಿಯುತ್ತದೋ ಅನ್ನುವ ಭಯದಲ್ಲಿ ಎಂಟು ಗಂಟೆ ಕೆಲಸ ಮಾಡಿ ಮೇಲೆ ಬಂದವರು ಫುಟ್‌ಬಾಲ್ ಆಡುತ್ತಿದ್ದರು, ಹಾಕಿ ಆಡುತ್ತಿದ್ದರು, ಬ್ಯಾಂಡು ಬಾರಿಸುತ್ತಿದ್ದರು, ತಮಿಳು ನಾಟಕ ಕಟ್ಟುತ್ತಿದ್ದರು. ನನಗೆ ಆಶ್ಚರ್ಯ. "ಅಣ್ಣಾ, ಸುಸ್ತಾಗಲ್ವಾ?" ಅಂತ ಕೇಳಿದ್ದೆ. ಅವರು, "ತಂಬಿ, ನಮ್ಮ ಕೆಲಸಕ್ಕೆ ಬಾಗಿಲು ಇದೆ. ಹೊರಗೆ ಬಂದ್ರೆ ಮುಚ್ಚಿಕೊಳ್ತದೆ. ನಿನ್ನ ಕೆಲಸಕ್ಕೆ ಬಾಗಿಲೇ ಇಲ್ಲ. ಮಲಗಿದ್ರೂ ಹೊಲದಲ್ಲೇ ಇರ್ತೀಯ" ಅಂದರು.

ಇದು ಹೇಳಿ ಹೊಗಳುವುದಷ್ಟೇ ಆಗಬಾರದು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ನೂರಿಪ್ಪತ್ತು ವರ್ಷ ನಡೆದ ಗಣಿ. ಅಣ್ಣನಿಗೆ ಆಗ 46. ಇನ್ನು ಬೆಳಗಿನಿಂದ ರಾತ್ರಿಯವರೆಗೆ ಬಾರಿಸಬಹುದಲ್ಲ ಅಂದುಕೊಂಡಿದ್ದೆ. ಆರು ತಿಂಗಳು ಬಿಟ್ಟು ಹೋದರೆ ಹಾರ್ಮೋನಿಯಂ ಮಂಚದ ಕೆಳಗೆ, ಮೇಲೆ ಗೋಣಿಚೀಲ. "ಇಡೀ ದಿನ ಬಿಡುವೇ ತಂಬಿ. ಅದಕ್ಕೇ ಕೈ ಬರಲ್ಲ" ಅಂದರು. ಎರಡು ವರ್ಷ ಆದಮೇಲೆ ಬೆಂಗಳೂರಿನಲ್ಲಿ ವಾಚ್‌ಮನ್ ಕೆಲಸ ಸಿಕ್ಕಿತು. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆಗೆ ಬಂದು ಬೆಂಗಳೂರಿಗೆ ಹೋಗುವ ರೈಲಿನಲ್ಲಿ ಸಾವಿರಾರು ಜನ ದಿನಾ ಹೋಗಿ ಬರುತ್ತಾರಲ್ಲ, ಅವರಲ್ಲಿ ಒಬ್ಬರಾದರು. ಕತ್ತಲಲ್ಲಿ ಹೊರಟು ಕತ್ತಲಲ್ಲಿ ಬರುವುದು. ಉಳಿದದ್ದು ಭಾನುವಾರ ಮಾತ್ರ. ಆ ಭಾನುವಾರ ಒಂದು ಗಂಟೆ ಹಾರ್ಮೋನಿಯಂ ಮತ್ತೆ ಹೊರಗೆ ಬಂತು. ನನಗೆ ಇದು ಬಹಳ ದಿನ ಅರ್ಥವಾಗಲಿಲ್ಲ. ಈಗಲೂ ಪೂರ್ತಿ ಅರ್ಥವಾಗಿದೆ ಅನ್ನಲಾರೆ.

ಬಣ್ಣ ತೊಳೆಯದೆ ಮನೆಗೆ ಬಂದ ರಾತ್ರಿ

ಹಸು ಬಂದಮೇಲೂ ನಾನು ನಾಟಕ ಬಿಟ್ಟಿರಲಿಲ್ಲ. ನಮ್ಮೂರಲ್ಲಿ ನಿಂತರೆ ಪಕ್ಕದೂರಿನ ತಂಡಕ್ಕೆ ಹೋಗುತ್ತಿದ್ದೆ. ಹೇಗೆ ಹೋಗುತ್ತಿದ್ದೆ ಅಂತ ಯಾರೂ ಕೇಳಲಿಲ್ಲ, ನಾನೂ ಯೋಚನೆ ಮಾಡಲಿಲ್ಲ. ಸಾಯಂಕಾಲ ಹಾಲು ಕರೆಯುವವಳು ನಮ್ಮ ಮನೆಯವಳು, ರಾತ್ರಿ ಹುಲ್ಲು ಹಾಕುವವಳು ಅವಳು, ಬೆಳಿಗ್ಗೆ ನಾನು ಮಲಗಿದ್ದಾಗ ಸಗಣಿ ಬಾಚುವವಳೂ ಅವಳೇ.

2014ರ ಮಾರ್ಚ್. ಪಕ್ಕದೂರಿನಲ್ಲಿ ಪ್ರದರ್ಶನ. ಹಸುವಿಗೆ ದಿನ ತುಂಬಿತ್ತು. ಕೆಚ್ಚಲು ಬಿಗಿದಿತ್ತು, ಬಾಲದ ಬುಡ ಸಡಿಲ ಬಿದ್ದಿತ್ತು. ಇದೆಲ್ಲ ನೋಡಿದ್ದೆ. ನೋಡಿಯೂ, ಇನ್ನೂ ಎರಡು ದಿನ ತಡೆಯುತ್ತದೆ ಅಂತ ನನಗೆ ನಾನೇ ಹೇಳಿಕೊಂಡು ಹೋದೆ. ಮೂರು ತಿಂಗಳು ಕಲಿತ ಪಾತ್ರ, ಕಟ್ಟಿದ ದುಡ್ಡು, ಬಿಡುವುದು ಹೇಗೆ?

ರಾತ್ರಿ ಮೂರು ಗಂಟೆಗೆ ನಮ್ಮೂರ ಹುಡುಗ ಸೈಡ್‌ವಿಂಗಿನ ಹತ್ತಿರ ಬಂದು ನಿಂತ. ಕರು ಹಿಂಗಾಲು ಮುಂದಾಗಿ ಬಂದು ಸಿಕ್ಕಿಕೊಂಡಿದೆ ಅಂದ. ಕಿರೀಟ ಮಾತ್ರ ತೆಗೆದಿಟ್ಟು, ಉಳಿದ ವೇಷದಲ್ಲೇ ಅವನ ಗಾಡಿ ಹತ್ತಿದೆ. ಕೊಟ್ಟಿಗೆಗೆ ಬಂದು ನೋಡಿದರೆ ಅವಳೂ ಪಕ್ಕದ ಮನೆ ಅಜ್ಜಿಯೂ ಎಳೆದು ಎಳೆದು ಕರು ಹೊರಗೆ ತಂದಿದ್ದರು. ಉಸಿರಿರಲಿಲ್ಲ. ಹೆಣ್ಣು ಕರು. ಅವಳು ಗೋಡೆಗೆ ಒರಗಿ ಸೊಂಟ ಹಿಡಿದುಕೊಂಡು ಕೂತಿದ್ದಳು. ನಾನು ಹಸುವಿನ ಹತ್ತಿರ ಹೋದೆ. ಮುಖದ ಬಣ್ಣ, ಅಂಟಿಸಿದ ಮೀಸೆ, ಮೈಮೇಲಿನ ಮಿಣಮಿಣ ನೋಡಿ ಹಸು ಹಗ್ಗ ಕಿತ್ತುಕೊಳ್ಳುವ ಹಾಗೆ ಒದ್ದಾಡಿತು.

"ಮೊದಲು ಬಣ್ಣ ತೊಳ್ಕೊಳ್ಳಿ. ಹಸು ಹೆದರ್ತದೆ" ಅಂದಳು. ಅಷ್ಟೇ ಅಂದದ್ದು. ಆವತ್ತೂ ಬೈಯಲಿಲ್ಲ, ಆಮೇಲೂ ಬೈಯಲಿಲ್ಲ. ಬೈದಿದ್ದರೆ ವಾಸಿಯಾಗುತ್ತಿತ್ತು.

ಅವಳ ಸೊಂಟ ನೋವು ಇವತ್ತಿಗೂ ಪೂರ್ತಿ ಹೋಗಿಲ್ಲ. ನಾನು ನಾಟಕ ಬಿಟ್ಟೆ. ಬಿಟ್ಟು ಮೂರು ವರ್ಷ ಒಳ್ಳೆಯವನಾದೆ ಅಂತ ಅಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ಆ ಮೂರು ವರ್ಷದಲ್ಲಿ ಅವಳ ಕೆಲಸ ಒಂದು ಗಂಟೆಯೂ ಕಡಿಮೆಯಾಗಲಿಲ್ಲ. ನಾನು ಸಂಜೆ ಹೊತ್ತು ಅರಳಿಕಟ್ಟೆ ಮೇಲೆ ಕೂತು ಮುಖ ಗಂಟು ಹಾಕಿಕೊಂಡು ಬರುತ್ತಿದ್ದೆ, ಅಷ್ಟೇ.

ಹದಿನೈದು ದಿನದ ಲೆಕ್ಕ

2017ರ ಫೆಬ್ರವರಿಯಲ್ಲಿ ಅಣ್ಣ ನಮ್ಮ ಮನೆಗೆ ಬಂದಿದ್ದರು. ಉಸಿರು ಆಗಲೇ ಕಟ್ಟುತ್ತಿತ್ತು. ಗಣಿಯ ಕಲ್ಲುಧೂಳು ಕುಡಿದ ಎದೆ. ನನಗೆ ಪುರುಸೊತ್ತೇ ಇಲ್ಲ, ಅದಕ್ಕೇ ಎಲ್ಲ ಬಿಟ್ಟೆ ಅಂತ ಅವರ ಮುಂದೆ ಹೇಳುತ್ತಿದ್ದೆ. ಅವರು ನಕ್ಕು, "ಹಾಲಿನ ಲೆಕ್ಕ ಬರೀತೀಯಲ್ಲ, ಟೈಮಿನ ಲೆಕ್ಕ ಬರೆದು ನೋಡು. ನಿಂದೊಂದೇ ಅಲ್ಲ, ತಂಗಚ್ಚಿದೂ ಬರಿ" ಅಂದರು.

ಹಾಲಿನ ಪುಸ್ತಕದ ಹಿಂದಿನ ಹಾಳೆಯಲ್ಲೇ ಬರೆದೆ. ಎರಡು ಸಾಲು, ನನ್ನದು, ಅವಳದು. ಹದಿನೈದು ದಿನ. ಸುಗ್ಗಿ ಮುಗಿದ ಕಾಲ ಅನ್ನೋದು ನೆನಪಿಡಿ. ನನ್ನ ಕೆಲಸ ದಿನಕ್ಕೆ ಸರಾಸರಿ ಐದೂವರೆ ಗಂಟೆ. ಅವಳದು ಹದಿಮೂರೂವರೆ. ಪುರುಸೊತ್ತಿಲ್ಲ ಅಂತ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದವನು ನಾನು. ಒಂದು ದಿನವೂ ಹಾಗನ್ನದೆ ಇದ್ದವಳು ಅವಳು.

ಓದುಗ ರೈತರು ಇದನ್ನು ಮಾಡಿ ನೋಡಬೇಕು. ಬಾಯಲ್ಲಿ ಅಂದಾಜು ಹಾಕಬೇಡಿ, ಬರೆಯಿರಿ. ನಾನು ಅಂದಾಜಿನಲ್ಲಿ ನನ್ನದು ಎಂಟು, ಅವಳದು ಒಂಬತ್ತು ಅಂತ ಹೇಳಿದ್ದೆ.

ನಮ್ಮ ಪಕ್ಕದ ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರರ ವಿಷಯ ಮೇಷ್ಟ್ರು ಒಬ್ಬರು ಹೇಳುತ್ತಿದ್ದರು. 1914ರಿಂದ ಮೈಸೂರು ಸರ್ಕಾರದಲ್ಲಿ ದೊಡ್ಡ ದೊಡ್ಡ ಕೆಲಸ ಮಾಡುತ್ತಲೇ ಕಥೆ ಬರೆದರು, ಮೊದಲ ಕಥೆ ಪುಸ್ತಕ 1920ರಲ್ಲಿ ಬಂತು, 1983ರ ಜ್ಞಾನಪೀಠ ಅವರಿಗೇ ಬಂತು, ಮನಸ್ಸಿದ್ದರೆ ಸಮಯ ಸಿಗುತ್ತದೆ ಅಂತ. ದೊಡ್ಡವರು, ಕೈ ಮುಗಿಯುತ್ತೇನೆ. ಆದರೆ ಅವರು ಕಥೆ ಬರೆಯುವಾಗ ಒಲೆ ಮುಂದೆ ಯಾರಿದ್ದರು ಅನ್ನುವ ಪ್ರಶ್ನೆ ನನಗೆ ಆ ಲೆಕ್ಕ ಬರೆದ ಮೇಲೆ ಬರುತ್ತದೆ. ಸಿಕ್ಕ ಸಮಯ ಆಕಾಶದಿಂದ ಬೀಳುವುದಿಲ್ಲ. ಯಾರದೋ ಲೆಕ್ಕದಿಂದ ನಮ್ಮ ಲೆಕ್ಕಕ್ಕೆ ಬಂದಿರುತ್ತದೆ.

ಪುಸ್ತಕ ತೋರಿಸಿ ಅವಳನ್ನು ಕೇಳಿದೆ: "ನಿನಗೆ ದಿನಾ ಒಂದು ಗಂಟೆ ಬಿಡುವು ಸಿಕ್ಕಿದರೆ ಏನು ಮಾಡ್ತೀಯ?" ಹಾಡು, ಭಜನೆ, ಅಂಥದ್ದೇನೋ ಹೇಳುತ್ತಾಳೆ ಅಂತಿದ್ದೆ. ಅವಳಿಗೆ ಅವರಮ್ಮನಿಂದ ಬಂದ ತೆಲುಗು ಹಾಡು ಬೇಕಾದಷ್ಟು ಬರುತ್ತವೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, "ಮಲಕ್ಕೊಳ್ತೀನಿ" ಅಂದಳು.

ಹಸು ಒಪ್ಪಬೇಕಲ್ಲ

ಸಾಯಂಕಾಲದ ಹಾಲು ನಾನು ಕರೆಯುತ್ತೇನೆ ಅಂತ ಆಯಿತು. ಹೇಳಿದಷ್ಟು ಸುಲಭ ಇರಲಿಲ್ಲ. ಹದಿನೆಂಟು ವರ್ಷದಿಂದ ಹಸು ಕಟ್ಟಿದ ಮನೆ, ನಾನು ಕರೆದದ್ದು ಬೆರಳೆಣಿಕೆ. ಅವಳು ಕೂತರೆ ಸಾಯಂಕಾಲ ಆರು ಲೀಟರ್ ಕೊಡುತ್ತಿದ್ದ ಹಸು ನನಗೆ ಮೊದಲ ದಿನ ಕೊಟ್ಟದ್ದು ಮೂರೂವರೆ. ಡೈರಿಯಲ್ಲಿ ಫ್ಯಾಟು 3.9 ಬರುತ್ತಿದ್ದದ್ದು 3.1ಕ್ಕೆ ಇಳಿಯಿತು. ನೀರು ಬೆರೆಸಿದ್ದೀಯಾ ಅನ್ನುವ ಹಾಗೆ ಪಕ್ಕದವರು ನೋಡಿದರು. ಕಾರಣ ಆಮೇಲೆ ತಿಳಿಯಿತು. ಕೊನೆಗೆ ಬರುವ ಹಾಲಿನಲ್ಲೇ ಕೊಬ್ಬು ಜಾಸ್ತಿ. ಹಸು ಅದನ್ನು ಮೇಲಕ್ಕೆ ಹಿಡಿದುಕೊಂಡರೆ ಹಾಲೂ ಹೋಯಿತು, ಫ್ಯಾಟೂ ಹೋಯಿತು. ಕೆಚ್ಚಲಲ್ಲಿ ಉಳಿದ ಹಾಲಿನಿಂದ ಕೆಚ್ಚಲು ಬಾವು ಬರುವ ಭಯ ಬೇರೆ.

ಒಬ್ಬರು ಇಂಜೆಕ್ಷನ್ ಚುಚ್ಚು, ತಾನಾಗಿ ಇಳಿಯುತ್ತದೆ ಅಂದರು. ಅದನ್ನು ಮಾಡಬೇಡಿ. ಹಾಲಿಗಾಗಿ ಆ ಮದ್ದು ಚುಚ್ಚುವುದು ಕಾನೂನಿಗೂ ವಿರುದ್ಧ, ಹಸುವಿಗೂ ಕೆಡುಕು.

ಅವಳು ಕರೆಯುವುದನ್ನು ಮೂರು ದಿನ ಸುಮ್ಮನೆ ಪಕ್ಕದಲ್ಲಿ ಕೂತು ನೋಡಿದೆ. ಮೊದಲು ಹಿಂಡಿ ಬೂಸಾ ಇಡುತ್ತಾಳೆ. ಉಗುರುಬೆಚ್ಚಗಿನ ನೀರಲ್ಲಿ ಕೆಚ್ಚಲು ತೊಳೆದು ಒರೆಸುತ್ತಾಳೆ. ಒಂದು ನಿಮಿಷ ನೀವುತ್ತಾಳೆ. ಆಮೇಲೆ ಇಡೀ ಮುಷ್ಟಿಯಲ್ಲಿ ಹಿಡಿದು ಕರೆಯುತ್ತಾಳೆ, ನಾನು ಹೆಬ್ಬೆರಳು ಮಡಿಸಿ ಕರೆಯುತ್ತಿದ್ದೆ. ಹೆಬ್ಬೆರಳು ಮಡಿಸಿದರೆ ಮೊಲೆತೊಟ್ಟಿಗೆ ನೋವು. ಹಸು ಹಾಲು ಇಳಿಸಿದ ಮೇಲೆ ಐದಾರು ನಿಮಿಷದಲ್ಲಿ ಮುಗಿಸಬೇಕು, ನಡುವೆ ಎದ್ದು ಫೋನಿಗೆ ಹೋದರೆ ಮತ್ತೆ ಇಳಿಯುವುದಿಲ್ಲ. ಇಷ್ಟನ್ನೂ ಹಾಗೇ ಮಾಡಿದೆ. ನಾಲ್ಕೂವರೆ ಲೀಟರ್ ತನಕ ಬಂತು, ಅಲ್ಲೇ ನಿಂತಿತು.

ಉಳಿದದ್ದು ಒಂದೇ. ಅವಳು ಕರೆಯುವಾಗ ಸಣ್ಣ ದನಿಯಲ್ಲಿ ಒಂದು ಹಾಡು ಹೇಳುತ್ತಿದ್ದಳು. ಅದು ಹಾಡು ಅಂತ ನಾನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಸುತ್ತ ಹತ್ತೂರಿಗೆ ಕೇಳುವ ಹಾಗೆ ಕಂದಪದ್ಯ ಹೇಳಿದ ಗಂಟಲು ನನ್ನದು. ಕೊಟ್ಟಿಗೆಯಲ್ಲಿ ಅದೇ ದನಿ ತೆಗೆದರೆ ಹಸು ಕಿವಿ ನಿಮಿರಿಸಿ ಕಾಲು ಎತ್ತಿತು. ಕೊನೆಗೆ ಅವಳ ಹಾಡನ್ನೇ, ಅವಳ ದನಿಯಷ್ಟೇ ಸಣ್ಣಗೆ, ಕಲಿಯಬೇಕಾಯಿತು. ಒಳಗಿನಿಂದ "ಅಲ್ಲಿ ಎಳೀಬೇಕು, ಅಲ್ಲಿ ಬಿಟ್ರಿ" ಅಂತ ತಿದ್ದುತ್ತಿದ್ದಳು. ಮಲಗು ಅಂತ ಬಿಟ್ಟವಳು ಮಲಗದೆ ನಗುತ್ತಿದ್ದಳು. ಹನ್ನೊಂದನೇ ದಿನಕ್ಕೆ ಐದೂಮುಕ್ಕಾಲು ಲೀಟರ್ ಬಂತು. ನಾನು ಕಲಿತ ಹಾಡುಗಳಲ್ಲಿ ದುಡ್ಡು ಕೊಟ್ಟು ಕಲಿಯದೆ ದುಡ್ಡು ತಂದದ್ದು ಅದೊಂದೇ.

ರೈತನಿಗೂ ವಾಕಿಂಗಾ?

ಅದೇ ವರ್ಷ ಸಕ್ಕರೆ ಕಾಯಿಲೆ ಗೊತ್ತಾಯಿತು. ಊಟದ ಮೇಲೆ 236. ಡಾಕ್ಟರು ದಿನಾ ಒಂದು ಗಂಟೆ ನಡೆಯಿರಿ ಅಂದರು. "ಸಾರ್, ನಾನು ರೈತ" ಅಂದೆ. "ಗೊತ್ತು, ದಿನಕ್ಕೆ ಎಷ್ಟು ಹೊತ್ತು ನಡೀತೀರಿ ಹೇಳಿ" ಅಂದರು.

ಮನೆಗೆ ಬಂದು ಯೋಚನೆ ಮಾಡಿದರೆ ಅವರು ಹೇಳಿದ್ದು ಸರಿ. ನಮ್ಮಪ್ಪ ಒಂದು ಎಕರೆ ಉಳಲು ಎತ್ತಿನ ಹಿಂದೆ ಎಷ್ಟು ಮೈಲಿ ನಡೆಯುತ್ತಿದ್ದನೋ. ನನ್ನ ಹೊಲ ಟ್ರ್ಯಾಕ್ಟರು ಉಳುತ್ತದೆ, ನಾನು ಬದುವಿನ ಮೇಲೆ ಕೂತಿರುತ್ತೇನೆ. ಹೊಲಕ್ಕೆ ಹೋಗುವುದು ಬೈಕಿನಲ್ಲಿ, ಡೈರಿಗೂ ಬೈಕಿನಲ್ಲಿ. ರಾಗಿ ಕೊಯ್ಲಿನ ಹದಿನೈದು ದಿನ ಸೊಂಟ ಮುರಿಯುವಷ್ಟು ಕೆಲಸ, ಆಮೇಲೆ ಮೂರು ತಿಂಗಳು ಏನೂ ಇಲ್ಲ. ಮಾಡುವ ಕೆಲಸವೆಲ್ಲ ಮುಂದಕ್ಕೆ ಬಗ್ಗುವುದೇ. ಕಳೆ ಕೀಳಲು ಬಗ್ಗು, ಕೊಯ್ಯಲು ಬಗ್ಗು, ಕರೆಯಲು ಬಗ್ಗು. ಹಿಂದಕ್ಕೆ ಸೆಟೆಯುವ ಕೆಲಸ ಒಂದೂ ಇಲ್ಲ. ಮೈ ದಣಿಯುವುದೇ ಬೇರೆ, ಮೈ ಹದವಾಗುವುದೇ ಬೇರೆ. ನಮ್ಮೂರಲ್ಲಿ ಗರಡಿ ಮನೆ ಇತ್ತು, ಹೊಲದ ಕೆಲಸ ಮಾಡುವವರೇ ಬೆಳಿಗ್ಗೆ ಅಲ್ಲಿಗೂ ಹೋಗುತ್ತಿದ್ದರು. ಕೆಲಸ ಇದ್ದ ಮೇಲೆ ಗರಡಿ ಯಾಕೆ ಅಂತ ಆ ಕಾಲದವರು ಕೇಳಲಿಲ್ಲ. ಈಗ ಅದರ ಮಾಡು ಬಿದ್ದಿದೆ, ಒಳಗೆ ಸೀಮೆಗೊಬ್ಬರದ ಚೀಲ.

ಬೇರೆ ಒಂದು ಗಂಟೆ ತೆಗೆಯಲು ನನ್ನ ಹತ್ತಿರ ಇರಲಿಲ್ಲ. ಡೈರಿ ನಮ್ಮ ಮನೆಯಿಂದ 1.2 ಕಿಲೋಮೀಟರ್. ಬೈಕು ಬಿಟ್ಟು ಕ್ಯಾನು ಹಿಡಿದು ನಡೆಯಲು ಶುರು ಮಾಡಿದೆ. ಎರಡು ಹೊತ್ತು ಹೋಗಿ ಬಂದರೆ ಹತ್ತಿರ ಹತ್ತಿರ ಐದು ಕಿಲೋಮೀಟರ್, ಒಂದು ಗಂಟೆ ಆಗುತ್ತದೆ. ಬೈಕಿನಲ್ಲಾದರೂ ಇಪ್ಪತ್ತು ನಿಮಿಷ ಹೋಗುತ್ತಿತ್ತು, ಹೆಚ್ಚಿಗೆ ಖರ್ಚಾದದ್ದು ನಲವತ್ತೇ ನಿಮಿಷ. ಅರ್ಧ ದಾರಿಗೆ ಕೈ ಬದಲಿಸುತ್ತೇನೆ, ಒಂದೇ ಕಡೆ ಭಾರ ಬಿದ್ದರೆ ಸೊಂಟ ಹಿಡಿಯುತ್ತದೆ. ಬರುವಾಗ ಕ್ಯಾನು ಖಾಲಿ, ಎದೆ ಸೆಟೆಸಿ ಬರಬಹುದು. ಎಂಟು ತಿಂಗಳಿಗೆ 236 ಇದ್ದದ್ದು 168ಕ್ಕೆ ಬಂತು. ಮಾತ್ರೆ ಬಿಟ್ಟಿಲ್ಲ. ನಡೆಯುತ್ತೇನೆ ಅಂತ ಯಾರೂ ಮಾತ್ರೆ ಬಿಡಬೇಡಿ.

ಆ ದಾರಿಯಲ್ಲೇ ನಾಟಕ ವಾಪಸು ಬಂತು. ಹೋಗುವಾಗ ಹಾಲು ತುಳುಕಬಾರದು, ಅದಕ್ಕೆ ಮೆಲ್ಲಗೆ ಮಾತು ಒಪ್ಪಿಸಿಕೊಳ್ಳುವುದು. ಬರುವಾಗ ಪದ್ಯ. ನೀಲಗಿರಿ ತೋಪಿನ ಹತ್ತಿರ ಮನೆಗಳಿಲ್ಲ, ಅಲ್ಲಿ ಗಂಟಲು ಪೂರ್ತಿ ಬಿಡಬಹುದು. ಮೊದಲು ಕುರಿ ಕಾಯುವವರು ಹೆದರಿದರು. ಈಗ ಯಾವ ಪದ್ಯ ಎಲ್ಲಿ ಬರುತ್ತದೆ ಅಂತ ಅವರಿಗೇ ಬಾಯಿಪಾಠ. ಹಿಂದೆ ದೇವಸ್ಥಾನದ ಮುಂದೆ ಎರಡು ತಿಂಗಳು ನಿದ್ದೆಗೆಟ್ಟು ಕಲಿಯುತ್ತಿದ್ದ ಪಾತ್ರವನ್ನು ಮೂರೂವರೆ ತಿಂಗಳಲ್ಲಿ, ಒಂದು ರಾತ್ರಿಯೂ ನಿದ್ದೆಗೆಡದೆ ಕಲಿತೆ.

ನಾಟಕವನ್ನು ಕತ್ತರಿಸಿದ್ದು

2018ರಲ್ಲಿ ನಮ್ಮೂರಲ್ಲೇ ಮತ್ತೆ ತಂಡ ಕಟ್ಟಿದೆವು. ಹನ್ನೊಂದು ಜನ, ಅದರಲ್ಲಿ ಒಂಬತ್ತು ಮನೆಯಲ್ಲಿ ಹಸು ಇದೆ, ಇಬ್ಬರು ಬೆಂಗಳೂರಿಗೆ ರೈಲಿನಲ್ಲಿ ಹೋಗಿ ಬರುವವರು. ಪ್ರಾಕ್ಟೀಸು ಮಂಗಳವಾರ ಮತ್ತು ಶುಕ್ರವಾರ ಮಾತ್ರ. ಡೈರಿ ಮುಗಿಸಿ ಮುಕ್ಕಾಲು ಎಂಟಕ್ಕೆ ಶುರು, ಕಾಲು ಒಂಬತ್ತಕ್ಕೆ, ಅಂದರೆ ಒಂಬತ್ತೂಕಾಲಿಗೆ ನಿಲ್ಲಿಸಬೇಕು. ಹೊತ್ತಾದ ಕೂಡಲೇ ಒಬ್ಬ ದೇವಸ್ಥಾನದ ಗಂಟೆ ಹೊಡೆಯುತ್ತಾನೆ. ಯಾರು ಯಾವ ಪದ್ಯದ ನಡುವೆ ಇದ್ದರೂ ಸರಿ, ಏಳಬೇಕು. ಅಣ್ಣನ ಗಣಿಯ ಸೈರನ್ನಿನಿಂದ ಕದ್ದದ್ದು ಇದು. ಮೊದಲ ತಿಂಗಳು ಎಲ್ಲರೂ ಗೊಣಗಿದರು. ಆಮೇಲೆ ಗಂಟೆ ಆಗುವುದರೊಳಗೆ ಮುಗಿಸಬೇಕು ಅಂತ ಬೀಡಿ ಸೇದಲು ಎದ್ದು ಹೋಗುವುದೇ ನಿಂತಿತು.

ರಾತ್ರಿಯಿಡೀ ಆಡುತ್ತಿದ್ದ ಆಟವನ್ನು ನಾಲ್ಕು ಗಂಟೆಗೆ ಇಳಿಸಿದೆವು. ಹಳಬರಿಗೆ ಬೇಸರ ಆಯಿತು. ನನಗೂ ಬೇಸರವೇ. ಬೆಳಗಿನ ಜಾವದ ಗದಾಯುದ್ಧಕ್ಕೆ ಇದ್ದ ಕಳೆ ರಾತ್ರಿ ಹನ್ನೊಂದೂವರೆಗೆ ಬರುವುದಿಲ್ಲ. ಆದರೆ ಬೆಳಿಗ್ಗೆ ಐದಕ್ಕೆ ಎಲ್ಲರ ಹಸುವೂ ಕೂಗುತ್ತದೆ.

ಹಸು ಈಯುವ ಕಾಲದ ಬಗ್ಗೆ ಒಂದು ಯೋಜನೆ ಮಾಡಿ ಕೈಸುಟ್ಟುಕೊಂಡೆ, ಅದನ್ನೂ ಹೇಳಬೇಕು. ಹಸುವಿನ ಗಬ್ಬ ಸುಮಾರು 280 ದಿನ. ನಾಟಕ ಮಾರ್ಚಿನಲ್ಲಿ. ಹಾಗಾದರೆ ಮೇ-ಜೂನ್‌ನಲ್ಲಿ ಬೆದೆಗೆ ಬಂದರೆ ಇಂಜೆಕ್ಷನ್ ಹಾಕಿಸದೆ ಬಿಟ್ಟರೆ ನಾಟಕದ ಹೊತ್ತಿಗೆ ಈಯುವ ತಂಟೆ ಇರುವುದಿಲ್ಲ ಅಂತ ಲೆಕ್ಕ ಹಾಕಿದೆ. ಒಂದು ಬೆದೆ ಬಿಟ್ಟರೆ 21 ದಿನ ಹೋಯಿತು, ನಾನು ಮೂರು ಬೆದೆ ಬಿಟ್ಟೆ. ಆ ಹಸು ಮತ್ತೆ ಕಟ್ಟುವಾಗ ಇನ್ನೆರಡು ತಿಂಗಳು ತಡವಾಯಿತು. ನಷ್ಟ ಆದದ್ದು ನಾಟಕದ ಚಂದಾಕ್ಕಿಂತ ಜಾಸ್ತಿ. ಇದನ್ನು ಯಾರೂ ಮಾಡಬೇಡಿ. ಈಗ ನಮ್ಮ ತಂಡದ ನಿಯಮ ಬೇರೆ: ಯಾರ ಮನೆಯ ಹಸು ಮಾರ್ಚಿನಲ್ಲಿ ಈಯಬೇಕೋ ಅವರು ಆ ವರ್ಷ ದೊಡ್ಡ ಪಾತ್ರ ಹಿಡಿಯುವ ಹಾಗಿಲ್ಲ. ವಿದುರನೋ ಸಂಜಯನೋ ಆಗಬೇಕು. ನಡುವೆ ಎದ್ದು ಹೋದರೂ ಇನ್ನೊಬ್ಬ ನಿಭಾಯಿಸಬಹುದು. ನಾನೇ ಎರಡು ವರ್ಷ ವಿದುರನಾದೆ. ವಿದುರನ ಪಾತ್ರದಲ್ಲಿ ಎಷ್ಟು ಒಳ್ಳೆ ಮಾತುಗಳಿವೆ ಅನ್ನೋದು ಆವಾಗಲೇ ಗೊತ್ತಾದದ್ದು, ಭೀಮನಾಗಿದ್ದಾಗ ನಾನು ಆ ಹೊತ್ತಿಗೆ ಟೀ ಕುಡಿಯುತ್ತಿದ್ದೆ.

2020ರಲ್ಲಿ ಯುಗಾದಿ ವಾರಕ್ಕೆ ಇಟ್ಟುಕೊಂಡಿದ್ದೆವು. ಯುಗಾದಿಯ ಹಿಂದಿನ ರಾತ್ರಿ ಲಾಕ್‌ಡೌನ್ ಆಯಿತು. ಎರಡು ವರ್ಷ ಆಡಲಿಲ್ಲ. ಡೈರಿ ಮಾತ್ರ ಒಂದು ಹೊತ್ತೂ ನಿಲ್ಲಲಿಲ್ಲ, ಡೈರಿಗೆ ನಡೆಯುವ ದಾರಿಯಲ್ಲಿ ಪದ್ಯವೂ ನಿಲ್ಲಲಿಲ್ಲ.

ಇನ್ನು ನಮ್ಮ ಮನೆಯವಳ ವಿಷಯ. ಮೊದಲ ಒಂದು ವರ್ಷ ಅವಳು ಆ ಹೊತ್ತಿನಲ್ಲಿ ನಿಜವಾಗಿಯೂ ಮಲಗಿದಳು. ಆಮೇಲೆ ತಾನಾಗಿ ಸಂಘದ ನಾಲ್ಕು ಹೆಂಗಸರ ಜೊತೆ ಕೂತು ಹಾಡಲು ಶುರು ಮಾಡಿದಳು. ಕೋಲಾರದ ಪಕ್ಕ ತೇರಹಳ್ಳಿ ಬೆಟ್ಟದ ಮೇಲೆ ಕೋಟಿಗಾನಹಳ್ಳಿ ರಾಮಯ್ಯನವರು, ಗೆಳೆಯರು ಸೇರಿ ಆದಿಮ ಕಟ್ಟಿ ಹುಣ್ಣಿಮೆ ರಾತ್ರಿಗಳಲ್ಲಿ ಹಾಡು, ನಾಟಕ ನಡೆಸುವ ರೂಢಿ ತಂದರಲ್ಲ, ಅಲ್ಲಿಗೆ ಒಮ್ಮೆ ಕರೆದುಕೊಂಡು ಹೋಗಿದ್ದೆ. ಕೂಲಿ ಮಾಡಿ ಬಂದವರೆಲ್ಲ ಕೂತು ನೋಡುತ್ತಿದ್ದರು. ಹುಣ್ಣಿಮೆ ಅಂದರೆ ಕ್ಯಾಲೆಂಡರ್ ಬೇಡ, ಕರೆಯೋಲೆ ಬೇಡ, ತಲೆ ಎತ್ತಿದರೆ ಗೊತ್ತಾಗುತ್ತದೆ. ಅದು ಅವಳಿಗೆ ಹಿಡಿಸಿತು. ಈಗ ಇವರದ್ದೂ ಹುಣ್ಣಿಮೆ ಹುಣ್ಣಿಮೆಗೆ, ನಮ್ಮ ಕಣದಲ್ಲಿ. ಏಳೆಂಟು ಹೆಂಗಸರು. ಅವತ್ತು ಎರಡೂ ಹಸು, ಒಲೆ, ಎಲ್ಲ ನನ್ನದು. ನಾನು ತಿರುವಿದ ಮುದ್ದೆಯಲ್ಲಿ ಗಂಟು ಇರುತ್ತದೆ, ಇನ್ನೂ ಸರಿ ಹೋಗಿಲ್ಲ.

ಈ ವರ್ಷ ಒಂದು ಪೇಚು ಬಂದಿದೆ. ನಮ್ಮ ನಾಟಕಕ್ಕೆ ಊರಿನವರು ಗೊತ್ತು ಮಾಡಿದ ದಿನ ಹುಣ್ಣಿಮೆ. ಅದೇ ದಿನ ಇವರ ಗುಂಪನ್ನು ಇನ್ನೊಂದು ಊರಿನವರು ಹಾಡಲು ಕರೆದಿದ್ದಾರೆ. ಇದೇ ಮೊದಲ ಸಲ ಹೊರಗಿನವರು ಕರೆದದ್ದು. ಬಂದ ದಿನವೇ ನಾನು ಬಾಯಿ ತಪ್ಪಿ, "ನಿಮ್ಮದು ಮುಂದಿನ ಹುಣ್ಣಿಮೆಗೆ ಹಾಕ್ಕೊಳ್ಳಿ" ಅಂದುಬಿಟ್ಟೆ. ಅವಳು ಏನೂ ಅನ್ನದೆ ಹಾಲಿನ ಪುಸ್ತಕದ ಹಿಂದಿನ ಹಾಳೆ ತೆಗೆದು ನನ್ನ ಮುಂದೆ ಇಟ್ಟು ಒಳಗೆ ಹೋದಳು. ಓದಲು ಬರದವಳಿಗೆ ಆ ಹಾಳೆ ಯಾವುದು ಅಂತ ಗೊತ್ತಿದೆ. ಅವಳು ಹೋಗುತ್ತಾಳೆ. ಭೀಮನ ಪಾತ್ರಕ್ಕೆ ಬೇರೆ ಹುಡುಗನನ್ನು ತಯಾರು ಮಾಡುತ್ತಿದ್ದೇನೆ. ಮೊದಲ ಎರಡು ಸೀನು ಅವನು, ಹಾಲು ಹಾಕಿ ಬಂದ ಮೇಲೆ ಉಳಿದದ್ದು ನಾನು ಅಂತ ಸದ್ಯಕ್ಕೆ ಮಾತಾಗಿದೆ. ಆ ಹುಡುಗ ಯಾರು ಗೊತ್ತೇ? ಡೈರಿ ಸಾಲಿನಲ್ಲಿ ಪ್ರಶ್ನೆ ಕೇಳಿದವನೇ.

ಓದುಗರಲ್ಲಿ ಒಂದು ಕೇಳುವುದಿದೆ. ಎರಡು ಮೂರು ಹಸು ಇರುವವರು ಯಾರಾದರೂ ಚಕ್ರದ ಮೇಲೆ ತಳ್ಳಿಕೊಂಡು ಹೋಗುವ ಹಾಲು ಕರೆಯುವ ಮಿಷನ್ ಇಟ್ಟುಕೊಂಡಿದ್ದರೆ, ರಿಪೇರಿ, ಕರೆಂಟು, ತೊಳೆಯಲು ಹಿಡಿಯುವ ಹೊತ್ತು ಎಲ್ಲ ಸೇರಿಸಿ ನಿಜವಾಗಿ ಎಷ್ಟು ಸಮಯ ಉಳಿಯುತ್ತದೆ ಅಂತ ಈ ಪತ್ರಿಕೆಗೆ ಬರೆಯಿರಿ. ಅದರ ಸದ್ದಿಗೆ, ಹಾಡು ಹೇಳದೆ, ಹಸು ಹಾಲು ಇಳಿಸುತ್ತದೆಯೇ ಅನ್ನೋದನ್ನೂ ತಿಳಿಸಿ.